ಅವ್ವನ ಹಜ್ಜಿನ ಆರನೆಯ ಗಂಟು

ಮರೆವು ಒಂದು ರೋಗವೆಂದು ಡಾಕ್ಟರರು ಹೇಳುತ್ತಾರೆ. ರೋಗವಾದರೆ ಅದು ಯಾವಾಗಲೋ ಒಂದು ದಿನ ಬಂದಿರಬೇಕಲ್ಲ? ನನಗೆ ಅದು ಬಂದದ್ದಲ್ಲ, ಹುಟ್ಟುವಾಗಲೇ ಜೊತೆಗಿತ್ತು. ಬೆಲ್ಲಕ್ಕೆಂದು ಹೋಗಿ ಉಪ್ಪು ತಂದಿದ್ದೇನೆ. ಉಪ್ಪಿಗೆಂದು ಹೋದಾಗ ಬಸ್ಸು ಹತ್ತುತ್ತಿದ್ದ ಗೆಳೆಯನ ಜೊತೆ ಮಾತಾಡುತ್ತ ಮಾತಾಡುತ್ತ ನಾನೂ ಹತ್ತಿ, ತೇರದಾಳ ನೋಡಿಕೊಂಡು ಬರಿಗೈಯಲ್ಲಿ ಮರಳಿದ್ದೇನೆ. ಒಮ್ಮೆ ಚಿಮ್ಮಡಕ್ಕೆ ಮದುವೆಗೆಂದು ಹೆಂಡತಿ ಜೈತುನಳನ್ನು ಕರೆದುಕೊಂಡು ಹೋದವನು ಸಂಜೆ ಒಬ್ಬನೇ ಮನೆಗೆ ಬಂದೆ. ಬಾಗಿಲಲ್ಲಿ ಅವ್ವ, "ಆಕಿ ಎಲ್ಲಿ?" ಎಂದಾಗ, "ಯಾರು?" ಎಂದು ಕೇಳಿದೆನಂತೆ. ಇದು ನನಗೆ ನೆನಪಿಲ್ಲ. ಜೈತುನಳಿಗೆ ಮಾತ್ರ ನಿನ್ನೆ ಆದಂತೆ ನೆನಪಿದೆ.

ಇಂಥವನನ್ನು ಅವ್ವ ತನ್ನ ಬದಲಿಗೆ ಹಜ್ಜಿಗೆ ಕಳಿಸಿದಳು. ನೆನೆಸಿಕೊಂಡರೆ ಈಗಲೂ ಮೈ ಬೆವರುತ್ತದೆ.

ಆಗ ಜಮಖಂಡಿಯ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದಿತ್ತು. ನಾನು ಬನಹಟ್ಟಿಯಲ್ಲಿ ಕನ್ನಡ ಸಾಲಿ ಮಾಸ್ತರ. ಅಪ್ಪ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ. ಅವನು ತೀರಿಕೊಂಡ ಮೇಲೂ ಅವ್ವ ಗಾದಿ ಹೊಲಿಯುವುದನ್ನು ಬಿಡಲಿಲ್ಲ. ಬನಹಟ್ಟಿ, ರಬಕವಿಯ ಅರ್ಧ ಜನ ಮಲಗುತ್ತಿದ್ದದ್ದು ಅವಳ ಹೊಲಿಗೆಯ ಮೇಲೆಯೇ. ಹೀಗೆ ಕುಳಿತು ಕುಳಿತು ಹಜ್ಜಿನ ಆಸೆ ಕೈಗೂಡುವ ಹೊತ್ತಿಗೆ ಅವಳ ಮೊಣಕಾಲು ಕೈಕೊಟ್ಟವು. ಗೋಡೆ ಹಿಡಿದು ಹಿತ್ತಲಿಗೆ ಹೋಗಿ ಬರುವುದೇ ಅವಳಿಗೆ ದೊಡ್ಡ ಯಾತ್ರೆ. ಜಮಖಂಡಿಯ ಮೌಲ್ವಿಗಳು, "ಕಾಲು ಇನ್ನು ಸುಧಾರಸೂದಿಲ್ಲ ಅಂದ್ರ, ನಿಮ್ಮ ಖರ್ಚಿನ್ಯಾಗ ಮತ್ತೊಬ್ಬರ್ನ ಕಳಸರಿ. ಹಜ್ ನಿಮ್ಮದ ಆಗ್ತೈತಿ. ಮೊದಲ ಒಮ್ಮೆ ಹೋಗಿ ಬಂದವರಾದ್ರ ಭಾಳ ಛಲೋ" ಎಂದರು.

ಹೋಗಿ ಬಂದವರೊಬ್ಬರು ಮುಧೋಳದಲ್ಲಿದ್ದರು. ಇನ್ನೊಮ್ಮೆ ಹೋಗಲು ತಯಾರಾಗಿಯೂ ಇದ್ದರು. ಅವ್ವ ಅವರನ್ನು ಕರೆಸಿ, ಊಟಕ್ಕೆ ಹಾಕಿ, ಮಾತಾಡಿಸಿ ಕಳಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಬ್ಯಾಡಪಾ. ಊಟ ಆದ ಕೂಡ್ಲೇ ಗೊರಕಿ ಹೊಡದ್ರು. ನನ್ನ ಹಜ್ಜಿನ್ಯಾಗೂ ಗೊರಕಿ ಹೊಡದಾರು. ದಾವಲ್ಯಾ, ನೀನ ಹೋಗು" ಎಂದಳು.

"ಅವ್ವಾ, ನಾ ಮರೀತೇನಿ" ಎಂದೆ. ನನ್ನ ಬಾಳಿನಲ್ಲಿ ನಾನು ಮರೆಯದೆ ಹೇಳಿದ ಒಂದೇ ಸತ್ಯ ಅದು.

"ಮರೀತಿ, ಗೊತ್ತೈತಿ. ಆದರ ಮರತದ್ದಕ್ಕ ನಿನ್ನಂಗ ಅಳಾವ್ರು ಯಾರೂ ಇಲ್ಲ" ಎಂದಳು ಅವ್ವ. ಅವಳಿಗೆ ಈ ಜನ್ಮದಲ್ಲಿ ಉಳಿದಿದ್ದ ಆಸೆ ಇದೊಂದೇ. ಅದನ್ನು, ಬೆಲ್ಲ ತರಲು ಬಾರದ ಮಗನ ಕೈಯಲ್ಲಿಟ್ಟಳು. ಹೊಗಳಿದಳೋ ಬೈದಳೋ ತಿಳಿಯದೆ ನಾನು ಹೂಂ ಎಂದೆ.

ರಜೆಯದೊಂದು ಕತೆ. ಅರ್ಜಿ ವಿಜಾಪುರಕ್ಕೆ ಹೋಗಿ ಅಲ್ಲಿಯೇ ಸುಖವಾಗಿ ಕುಳಿತಿತ್ತು. ಹೆಡ್‌ಮಾಸ್ತರ ಕುಲಕರ್ಣಿಯವರು ಖುದ್ದಾಗಿ ಹೋಗಿ ಅದನ್ನು ಎಬ್ಬಿಸಿಕೊಂಡು ಬಂದರು. "ಅಹೋ ಮಾಸ್ತರ, ನಿಮ್ಮ ತಾಯಿ ಬದಲಿಗೆ ನೀವು, ನಿಮ್ಮ ಬದಲಿಗೆ ಸಾಲ್ಯಾಗ ನಾನು. ನನ್ನ ಕಣ್ಣಿಗೆ ಪೊರಿ ಬಂದೈತಿ, ಹುಡುಗರ ಮಾರಿ ಕಾಣೂದಿಲ್ಲ. ಅಲ್ಲಿ ಒಂದ ಮಾತು ಹಾಕ್ರಿ" ಎಂದರು.

ಇಹ್ರಾಮಿಗೆ, ಅಂದರೆ ಹಜ್ಜಿನಲ್ಲಿ ಗಂಡಸರು ಉಡುವ ಮತ್ತು ಹೊದೆಯುವ ಹೊಲಿಗೆ ಇಲ್ಲದ ಎರಡು ಬಟ್ಟೆಗೆ, ನಾವು ಮುಂಬಯಿಯವರೆಗೆ ಹೋಗಬೇಕೆ? ಪಕ್ಕದ ಮನೆಯ ಗಂಗವ್ವನ ಮಗ್ಗದಲ್ಲಿಯೇ ನೇಯಿಸಿದೆವು. ಗಂಗವ್ವನ ಗಂಡನಿಗೆ ಬಟ್ಟೆಗೆ ಬಣ್ಣದ ಅಂಚಿಲ್ಲವೆಂಬುದೊಂದೇ ಸಂಕಟ. "ದಡಿ ಇಲ್ಲದ್ದು ಅರಿವೇನ್ರಿ ಮಾಸ್ತರ? ಸಣ್ಣದೊಂದು ಕೆಂಪು ದಡಿ ಹಾಕ್ತೀನಿ, ದೇವರು ಏನೂ ಅನ್ನೂದಿಲ್ಲ" ಎಂದು ಮೂರು ಸಲ ಬಂದು ಕೇಳಿದ. ಬೇಡವೆಂದಾಗ, ಬೋಳು ಹಣೆ ನೋಡಿದವನಂತೆ ಮುಖ ಮಾಡಿಕೊಂಡು ಹೋದ. ಬಟ್ಟೆಯನ್ನು ಮಾತ್ರ ಹಾಲಿನ ಕೆನೆಯಂತೆ ನೇಯ್ದು ಕೊಟ್ಟ.

ಹೊರಡುವ ದಿನ ಅವ್ವ ಆ ಬಟ್ಟೆಯನ್ನು ತೊಡೆಯ ಮೇಲೆ ಹಾಕಿಕೊಂಡು ಗಂಟು ಕಟ್ಟಲು ಕುಳಿತಳು. ನಮ್ಮ ಮನೆಯಲ್ಲಿ ಇದು ಹಳೆಯ ಪದ್ಧತಿ. ನನ್ನನ್ನು ಎಲ್ಲಿಗೆ ಕಳಿಸಿದರೂ ಹೆಗಲ ಟವೆಲ್ಲಿನ ಚುಂಗಿಗೆ ಒಂದೊಂದು ಕೆಲಸಕ್ಕೆ ಒಂದೊಂದು ಗಂಟು. "ಟವೆಲ್ಲಿಗೆ ಕಟ್ಟವ್ವಾ" ಎಂದೆ. "ಟವೆಲ್ ಎಲ್ಲೆರ ಬಿಟ್ಟು ಬರ್ತಿ. ಇದನ್ನ ಬಿಟ್ಟಿ ಅಂದ್ರ ಮೈಮ್ಯಾಲ ಏನೂ ಇರೂದಿಲ್ಲ. ಹಿಂಗಾಗಿ ಬಿಡೂದಿಲ್ಲ" ಎಂದಳು.

ಹೊದೆಯುವ ಬಟ್ಟೆಯ ಒಂದು ಮೂಲೆಯಿಂದ ಶುರು ಮಾಡಿದಳು. "ಇದು ಎಲ್ಲಾಕ್ಕಿಂತ ದೊಡ್ಡ ಗಂಟು. ಹಜ್ ನಂದು, ಹುಸೇನಬೀದು. ನಿಂದಲ್ಲ. ಇದು ನಿಮ್ಮಪ್ಪಂದು, ಅವನ ತಪ್ಪು ಮಾಫ್ ಆಗ್ಲಿ. ಇದು ಗಂಗವ್ವಂದು, ಸೊಸಿ ಬಾಣಂತನ ಸುಸೂತ್ರ ಆಗ್ಲಿ. ಇದು ಹೆಡ್‌ಮಾಸ್ತರ ಕಣ್ಣು. ಇದು ಜೈತುನಂದು, ಬೀಳಗಿ ತಂಗಿ ಸಿಟ್ಟು ಬಿಟ್ಟು ಮನಿಗೆ ಬರ್ಲಿ." ಆಗಲೇ ಕುಡಚಿ ಸ್ಟೇಷನ್ನಿಗೆ ಹೋಗುವ ಮೋಟಾರಿನವ ಹಾರ್ನು ಬಾರಿಸತೊಡಗಿದ. ಓಣಿಯ ಜನವೆಲ್ಲ ಒಳಗೆ ನುಗ್ಗಿದರು. ಅವ್ವ ಏನೋ ಹೇಳಲು ಬಾಯಿ ತೆರೆದಳು, ಹೇಳಲಿಲ್ಲ. ಬಟ್ಟೆ ಮಡಚಿ ಸಾಮಾನಿನ ಮೂಟೆಗೆ ಸೇರಿಸಿ, ನನ್ನ ತಲೆಯ ಮೇಲೆ ಕೈಯಿಟ್ಟಳು.

ಮಿರಜ, ಪುಣೆ, ಮುಂಬಯಿ ದಾಟಿ ಹಡಗು ಹತ್ತಿದೆ. ಮಳೆಗಾಲದ ಸಮುದ್ರ. ಕೃಷ್ಣೆಯ ಮಹಾಪೂರವನ್ನು ದಂಡೆಯಲ್ಲಿ ನಿಂತು ನೋಡಿ ಧೈರ್ಯವಂತನೆಂದುಕೊಂಡಿದ್ದ ನನಗೆ ನೀರು ಎಂದರೇನೆಂದು ಅಲ್ಲಿ ತಿಳಿಯಿತು. ಮೂರು ದಿನ ತಲೆ ಎತ್ತಲಿಲ್ಲ. ಆಗ ನನಗೆ ನಿಂಬೆಹಣ್ಣು ಮೂಸಿಸಿ, ಗಂಜಿ ಕುಡಿಸಿ ಕೂರಿಸಿದವರು ಸವಣೂರಿನ ಕಡೆಯ ಒಬ್ಬ ಹಿರಿಯರು. ಎರಡು ಸಲ ಹಜ್ ಮಾಡಿ ಬಂದಿದ್ದ ಅವರು ಕನ್ನಡದಲ್ಲಿ ಬೈಯುತ್ತಿದ್ದರು. ಅರಬ್ಬಿ ಸಮುದ್ರದ ನಡುವೆ ಕನ್ನಡದಲ್ಲಿ ಬೈಸಿಕೊಳ್ಳುವ ಸುಖ ಎಷ್ಟೆಂದು ಬೈಸಿಕೊಂಡವರಿಗೇ ಗೊತ್ತು.

ಇಹ್ರಾಮ್ ತೊಡಬೇಕಾದ ಗಡಿ ಹತ್ತಿರ ಬಂದಾಗ ಹಡಗಿನ ಸೀಟಿ ಊದಿದರು. ಎಲ್ಲರೂ ಸ್ನಾನಕ್ಕೆ ಓಡಿದರು. ನಾನು ಬಟ್ಟೆ ಹೊದ್ದು ನಿಂತದ್ದನ್ನು ಸವಣೂರಿನ ಹಿರಿಯರು ಮೇಲಿಂದ ಕೆಳಗೆ ನೋಡಿದರು. "ಏನ್ರಿ ಮಾಸ್ತರ ಇದು? ಸಂತಿಗೆ ಹೊಂಟೀರೇನು? ಇಹ್ರಾಮಿಗೆ ಗಂಟು ಹಾಕಬಾರದು. ಬಿಚ್ಚರಿ ಮೊದಲ."

ಒಂದೊಂದೇ ಬಿಚ್ಚಿದೆ. ಬಿಚ್ಚುತ್ತ ಎಣಿಸಿದರೆ ಗಂಟು ಆರು! ಅವ್ವ ಹೇಳಿದ್ದು ಐದು ನೆನಪಿದೆ. ಆರನೆಯದು ಸಣ್ಣದು, ಬಟ್ಟೆಯ ಅಂಚಿನ ದಾರದಲ್ಲಿ, ಜೀರಿಗೆ ಕಾಳಿನಷ್ಟು. ಎಷ್ಟು ಬಿಗಿಯಾಗಿತ್ತೆಂದರೆ ಉಗುರು ಸೋತು ಹಲ್ಲು ಹಚ್ಚಬೇಕಾಯಿತು. ಅದನ್ನು ಬಿಚ್ಚಿದ್ದೇ ತಡ, ಆ ಮೂಲೆಯ ಎಳೆಗಳೆಲ್ಲ ಸಡಿಲಾಗಿ ಉದುರತೊಡಗಿದವು. ಇದು ಭಾರಿ ಮಹತ್ವದ ಕೋರಿಕೆಯೇ ಇರಬೇಕು, ಅವ್ವ ಹೇಳಿದಾಗ ನಾನು ಹಾರ್ನು ಕೇಳುತ್ತ ಕುಳಿತೆ ಎಂದುಕೊಳ್ಳುತ್ತ ಎಳೆಗಳನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದೆ.

ಈ ಗಡಿಬಿಡಿಯಲ್ಲಿಯೇ ಡೆಕ್ಕಿನ ಮೇಲೆ ಒಬ್ಬರು ಎತ್ತರದ ದನಿಯಲ್ಲಿ ನಿಯ್ಯತ್ತು, ಅಂದರೆ ಹಜ್ಜಿನ ಸಂಕಲ್ಪ, ಹೇಳಿಕೊಡತೊಡಗಿದರು. ಅವರು ಒಂದು ಮಾತು, ಜನ ಒಂದು ಮಾತು. ಇಪ್ಪತ್ತು ವರ್ಷ ಹುಡುಗರಿಂದ ಮಗ್ಗಿ ಹೇಳಿಸಿದ ಮಾಸ್ತರ ನಾನು. ಯಾರಾದರೂ ರಾಗವಾಗಿ ಹೇಳಿದರೆ ನನ್ನ ಬಾಯಿ ತಾನಾಗಿಯೇ ಹಿಂದೆ ಹೋಗುತ್ತದೆ. ಜನರೊಂದಿಗೆ ನಾನೂ, "ಯಾ ಅಲ್ಲಾ, ಈ ಯಾತ್ರೆಯ ಸಂಕಲ್ಪ ಮಾಡಿದ್ದೇನೆ, ನನ್ನಿಂದ ಇದನ್ನು ಒಪ್ಪಿಕೋ, ಇದು ನನ್ನ ಹಜ್" ಎಂದು ಗಟ್ಟಿಯಾಗಿ ಹೇಳಿಬಿಟ್ಟೆ. ಹೇಳಿದ ಮೇಲೆ ಕೈ ಬಟ್ಟೆಯ ಮೂಲೆಗೆ ಹೋಯಿತು. ಅಲ್ಲಿ ದೊಡ್ಡ ಗಂಟು ಇರಲಿಲ್ಲ.

ನಾನು ಅಲ್ಲಿಯೇ ಕುಸಿದು ಕುಳಿತೆ. ಸುತ್ತ ಎಲ್ಲರೂ ಭಕ್ತಿಯಿಂದ ಅಳುತ್ತಿದ್ದರು. ನಾನು ಭಯದಿಂದ ಅಳುತ್ತಿದ್ದೆ. ಯಾರಿಗೂ ಫರಕು ತಿಳಿಯಲಿಲ್ಲ. ಬೆಲ್ಲ ಮರೆತರೆ ಮತ್ತೆ ಅಂಗಡಿಗೆ ಹೋಗಬಹುದು. ಅವ್ವನ ಬಾಳಿನ ಹಜ್ಜನ್ನೇ ನನ್ನ ಹೆಸರಿಗೆ ಹಾಕಿಕೊಂಡು ಮನೆಗೆ ಯಾವ ಮುಖ ಹೊತ್ತು ಹೋಗಲಿ?

ಸವಣೂರಿನ ಹಿರಿಯರು ಬಂದು ಪಕ್ಕದಲ್ಲಿ ಕುಳಿತರು. ಎಲ್ಲ ಕೇಳಿದರು. ನಕ್ಕರೇನೋ ಎಂದು ನೋಡಿದೆ, ನಗಲಿಲ್ಲ. "ಮನಿ ಬಿಡೂಮುಂದ ಯಾರ ಸಲುವಾಗಿ ಬಿಟ್ರಿ?"

"ಅವ್ವನ ಸಲುವಾಗಿರಿ."

"ಮೂರು ದಿನ ವಾಂತಿ ಮಾಡ್ಕೊಂಡ್ರಲ್ಲ, ಅದು ಯಾರ ಸಲುವಾಗಿ?"

"ಅದೂ ಅವ್ವನ ಸಲುವಾಗಿರಿ."

"ಮತ್ತ? ನಿಯ್ಯತ್ತು ಇರೂದು ಮನಸ್ಸಿನ್ಯಾಗ. ನಾಲಗಿ ತಪ್ಪಿದ್ರ ಮನಸ್ಸು ತಪ್ಪಿದಂಗಲ್ಲ. ಏಳ್ರಿ, ಹೆಸರು ಹಿಡಿದು ಹೇಳ್ರಿ." ನನ್ನ ಕೈ ಹಿಡಿದು ಎಬ್ಬಿಸಿ, ಅವ್ವನ ಹೆಸರು ಹಿಡಿದು ಹೇಳಿಸಿದರು. ಆ ಮುದುಕರ ಕೈ ಎಷ್ಟು ಬೆಚ್ಚಗಿತ್ತೆಂದು ನನಗೆ ಇಂದಿಗೂ ನೆನಪಿದೆ. ಮರೆಯುವವನು ಮರೆಯದ ವಸ್ತುಗಳಲ್ಲಿ ಅದೂ ಒಂದು.

ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ನನಗೆ ಪರೀಕ್ಷೆ. "ಮಾಸ್ತರ, ಹಜ್ ಯಾರದು?" "ನಮ್ಮವ್ವ ಹುಸೇನಬೀದುರಿ." "ಶಾಬಾಸ್, ಊಟ ಮಾಡ್ರಿ." ಸಾಲಿಯಲ್ಲಿ ನನ್ನ ಹುಡುಗರು ಪಡುವ ಪಾಡು ಆಗ ಅರ್ಥವಾಯಿತು.

ಹಾಜಿಗಳು ಸೂರ್ಯ ಮುಳುಗುವವರೆಗೆ ಬೇಡಿಕೊಳ್ಳುವ ಅರಫಾತಿನ ಬಯಲಿನಲ್ಲಿ ನಿಂತ ದಿನ ಬಿಸಿಲು ನಮ್ಮ ವೈಶಾಖಕ್ಕೆ ಅಪ್ಪನಂತಿತ್ತು. ಕೈಮಗ್ಗದ ದಪ್ಪ ಬಟ್ಟೆ ನೋಡಿ. ಗಂಟು ಬಿಚ್ಚಿದರೂ ಸುಕ್ಕು ಬಿಟ್ಟಿರಲಿಲ್ಲ. ಒಂದೊಂದೇ ಸುಕ್ಕು ಹಿಡಿದು ಅವ್ವ, ಅಪ್ಪ, ಗಂಗವ್ವನ ಸೊಸೆ, ಹೆಡ್‌ಮಾಸ್ತರರ ಕಣ್ಣು, ಬೀಳಗಿಯ ನಾದಿನಿ ಎಲ್ಲರನ್ನೂ ಮುಗಿಸಿದೆ. ಕೊನೆಗೆ ಉದುರಿದ ಎಳೆಯ ಆ ಮೂಲೆ ಕೈಗೆ ಬಂತು. ಏನು ಕೇಳಲಿ? ಸೂರ್ಯ ಇಳಿಯುತ್ತಿದ್ದ. ಬಿಕ್ಕಿ ಬಿಕ್ಕಿ ಅತ್ತೆ. "ಯಾ ಅಲ್ಲಾ, ಇದೊಂದು ಮರತೇನಿ. ನಮ್ಮವ್ವನ ಮನಸ್ಸಿನ್ಯಾಗ ಏನೈತಿ ನಿನಗ ಗೊತ್ತೈತಿ. ಅದನ್ನ ಆಕಿಗೆ ಕೊಟ್ಟುಬಿಡು" ಎಂದೆ. ಐದು ಗಂಟಿಗೆ ಅಳದಷ್ಟು ಅದೊಂದಕ್ಕೆ ಅತ್ತೆ.

ಮರಳಿ ಕುಡಚಿಯಲ್ಲಿ ಇಳಿದಾಗ ಜನ ಹಾರ ಹಾಕಿ, "ಹಾಜಿ ಸಾಹೇಬರು ಬಂದ್ರು" ಎಂದರು. "ಹಾಜಿ ನಾನಲ್ಲರಿ, ಮನ್ಯಾಗ ಅದಾಳ" ಎಂದು ಹಾರ ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಬನಹಟ್ಟಿಯಲ್ಲಿ ಮೋಟಾರು ಇಳಿದು ನೆಟ್ಟಗೆ ಮನೆಗೆ ಹೋಗಿ ಕಟ್ಟೆಯ ಮೇಲೆ ಕುಳಿತಿದ್ದ ಅವ್ವನ ಕೊರಳಿಗೆ ಹಾಕಿದೆ. ಹೊಸ್ತಿಲು ದಾಟದೆ ಮಕ್ಕೆ ಮುಟ್ಟಿ ಬಂದ ಮುದುಕಿಯನ್ನು ನೋಡಲು ಓಣಿಯೇ ಸೇರಿತು. ಗಂಗವ್ವ ಮೊಮ್ಮಗಳನ್ನು ಎತ್ತಿಕೊಂಡು ಬಂದಿದ್ದಳು. ಹೆಡ್‌ಮಾಸ್ತರರು ಆಪರೇಶನ್ ಆದ ಕಣ್ಣಿಗೆ ಕಪ್ಪು ಕನ್ನಡಕ ಹಾಕಿದ್ದರು. ಬೀಳಗಿಯ ನಾದಿನಿ ಸಿಟ್ಟು ಬಿಟ್ಟು ಬಂದು ಆಗಲೇ ತಿಂಗಳಾಗಿತ್ತು. ಹೋಗುವ ಸುದ್ದಿ ಎತ್ತಿರಲಿಲ್ಲ. ಜೈತುನ ನನ್ನ ಕಡೆ ನೋಡಿದ ನೋಟದಲ್ಲಿ, ಅಷ್ಟು ಗಟ್ಟಿಯಾಗಿ ಯಾಕೆ ಕೇಳಿದಿರಿ ಎಂಬ ಪ್ರಶ್ನೆಯಿತ್ತು.

ನಾನು ಅವ್ವನ ಕಾಲ ಬಳಿ ಕುಳಿತು ತಪ್ಪೊಪ್ಪಿಕೊಂಡೆ. "ಅವ್ವಾ, ಐದು ಖರೆ ಕೇಳೇನಿ. ಆರನೇ ಗಂಟು ಯಾತರದ್ದು ಮರತೇನಿ."

"ಆರನೇದು? ನಾ ಕಟ್ಟಿದ್ದ ಐದಲೇ" ಎಂದಳು ಅವ್ವ.

ಬಟ್ಟೆಯ ಮೂಲೆ ತೋರಿಸಿದೆ. ಗಂಗವ್ವ ಬಗ್ಗಿ ನೋಡಿ, ಕೂಸನ್ನು ಅಲ್ಲಿಯೇ ಯಾರ ಕೈಗೋ ಕೊಟ್ಟು, ಸೆರಗು ಬಾಯಿಗೆ ಒತ್ತಿಕೊಂಡಳು. "ಅಯ್ಯ ಮಾಸ್ತರ್ರ! ಮಗ್ಗದಾಗ ಎಳಿ ಹರಿದಿತ್ತರಿ, ನಾ ಗಂಟ ಹಾಕಿದ್ದೆ. ಬನಹಟ್ಟ್ಯಾಗ ಹುಟ್ಟಿ ನೇಕಾರ ಗಂಟು ತಿಳೀಲಿಲ್ಲೇನ್ರಿ? ಹಲ್ಲಲೇ ಬಿಚ್ಚಿದ್ರ್ಯಾ?"

ಓಣಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಹೆಡ್‌ಮಾಸ್ತರರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನಾನು ಹರಿದ ಎಳೆಯ ಸಲುವಾಗಿ ಅರಫಾತಿನಲ್ಲಿ ಅಷ್ಟೊಂದು ಅತ್ತಿದ್ದೆ.

ಅವ್ವ ಒಬ್ಬಳೇ ನಗಲಿಲ್ಲ. "ಅದಕ್ಕ ಏನಂತ ಕೇಳಿದಿ?" ಎಂದಳು. ಹೇಳಿದೆ. ಅವಳು ಹಾರದ ಹೂವು ಸವರಿದಳು. ಆಮೇಲೆ, "ನನ್ನ ಮನಸ್ಸಿನ್ಯಾಗ ಇದ್ದದ್ದು ಒಂದ, ದಾವಲ್ಯಾ. ಮಳಿಗಾಲದ ಸಮುದ್ರ, ನನ್ನ ಮಗ ತಿರುಗಿ ಬರ್ಬೇಕು ಅಂತ. ದೇವರ ಕೆಲಸಕ್ಕ ಕಳಿಸಿ ಹಂಗ ಕೇಳೂದು ಸರಿ ಅಲ್ಲಂತ ಅದನ್ನ ಕಟ್ಟಲಿಲ್ಲ" ಎಂದು ನನ್ನ ಕೆನ್ನೆ ಮುಟ್ಟಿದಳು. "ಗಂಗವ್ವ ಕಟ್ಟಿದ್ಲು ನೋಡು."

ಗಂಗವ್ವನ ನಗು ನಿಂತಿತು. ಅವ್ವ ಕೊರಳಿನ ಹಾರ ತೆಗೆದು ಅವಳಿಗೆ ಹಾಕಿದಳು. ಹಜ್ ಮಾಡಿ ಬಂದ ನಾನೇ ಹಾರವಿಲ್ಲದೆ ಕುಳಿತೆ, ಮತ್ತು ಅಷ್ಟು ಸಂತೋಷ ನನಗೆ ಮತ್ತೆಂದೂ ಆಗಿಲ್ಲ.

ಅವ್ವ ಹೋಗಿ ಬಹಳ ವರ್ಷಗಳಾದವು. ಗಂಟು ಕಟ್ಟುವ ಕೆಲಸ ಈಗ ಜೈತುನಳದು. ಇವತ್ತು ಬೆಳಿಗ್ಗೆಯೂ ಟವೆಲ್ಲಿನಲ್ಲಿ ಎರಡು ಗಂಟು ಹಾಕಿ ಕಳಿಸಿದಳು. ಒಂದು ಬೆಲ್ಲ, ಅದನ್ನು ಕಟ್ಟಿಸಿದೆ. ಇನ್ನೊಂದು ಏನೆಂದು ಅಂಗಡಿಯ ಮುಂದೆ ನಿಂತು ಎಷ್ಟು ತಿಣುಕಿದರೂ ಹೊಳೆಯಲಿಲ್ಲ. ಹಳೆಯ ಅನುಭವದ ಬಲದ ಮೇಲೆ, "ನಮ್ಮಾಕಿ ಮನಸ್ಸಿನ್ಯಾಗ ಏನೈತೋ ಅದನ್ನ ಕೊಡಪಾ" ಎಂದೆ. ಅಂಗಡಿಯವನು ನನ್ನನ್ನು ಒಮ್ಮೆ ನೋಡಿ, ಅರ್ಧ ಸೇರು ಉಪ್ಪು ಕಟ್ಟಿ ಕೊಟ್ಟ. ಅದನ್ನು ಹಿಡಿದುಕೊಂಡು ಮನೆಗೆ ಬಂದು ಕುಳಿತಿದ್ದೇನೆ. ಬೆಲ್ಲವನ್ನು ಅಲ್ಲಿಯೇ ಬಿಟ್ಟು ಬಂದೆನೆಂಬುದು ಈಗ, ಇದನ್ನು ಬರೆಯುವಾಗ, ನೆನಪಾಯಿತು.