ಇಪ್ಪತ್ತು ನಿಮಿಷದ ದಾರಿ

ರೈಲು ನಿಲ್ದಾಣದಿಂದ ಸರ್ಕಾರಿ ಕಚೇರಿಗಳ ಕಟ್ಟಡಕ್ಕೆ ಇಪ್ಪತ್ತು ನಿಮಿಷದ ದಾರಿ. ಇದು ಯಾರದೋ ಅಂದಾಜಲ್ಲ, ಸಂಚಾರ ಇಲಾಖೆ ಮೊಹರು ಹಾಕಿ ನಿಗದಿಪಡಿಸಿದ ಕಾಲ. ಒಂದು ಭಾನುವಾರ ಬೆಳಗ್ಗೆ ಐದೂವರೆಗೆ ಮೂವರು ಎಂಜಿನಿಯರುಗಳು ಜೀಪಿನಲ್ಲಿ ಕೂತು, ಮುಂದೊಂದು ಸೈರನ್ ಗಾಡಿ ಬಿಟ್ಟುಕೊಂಡು ಅಳೆದದ್ದು. ಅವರಿಗೆ ಹದಿನೆಂಟೇ ನಿಮಿಷ ಹಿಡಿದಿತ್ತು. ಸಾರ್ವಜನಿಕರ ಅನುಕೂಲಕ್ಕಾಗಿ ಎರಡು ನಿಮಿಷ ಸೇರಿಸಲಾಯಿತು.

ದಾಖಲೆ ವಿಭಾಗದ ಗುಮಾಸ್ತರಿಗೆ ಅದೇ ದಾರಿಗೆ ದಿನವೂ ಎರಡು ಗಂಟೆ ಹಿಡಿಯುತ್ತಿತ್ತು. ಹೊಸ ನಿಯಮದ ಪ್ರಕಾರ, ಉಳಿದ ಒಂದು ಗಂಟೆ ನಲವತ್ತು ನಿಮಿಷ ತಾವು ಎಲ್ಲಿದ್ದೆವೆಂದು ನೌಕರರು ಫಾರಂನಲ್ಲಿ ತಿಳಿಸಬೇಕಾಗಿತ್ತು. ತಿಳಿಸದವರಿಗೆ ಬಡ್ತಿ ಇಲ್ಲ. ಬಸ್ ಹತ್ತಿದ ಹೊತ್ತು ಟಿಕೆಟಿನ ಮೇಲೆ ಅಚ್ಚಾಗಿರುತ್ತಿದ್ದುದರಿಂದ ತಪ್ಪಿಸಿಕೊಳ್ಳುವ ಹಾಗೂ ಇರಲಿಲ್ಲ. ಗುಮಾಸ್ತರ ನಿವೃತ್ತಿಗೆ ಏಳು ತಿಂಗಳಿತ್ತು, ಮುಖ್ಯ ಗುಮಾಸ್ತರ ಜಾಗ ಖಾಲಿಯಿತ್ತು. ಒಂದು ದಿನವಾದರೂ ಕೈಯಿರುವ ಕುರ್ಚಿಯಲ್ಲಿ ಕೂತು ಮನೆಗೆ ಹೋಗಬೇಕೆಂಬುದು ಅವರ ಮೂವತ್ನಾಲ್ಕು ವರ್ಷದ ಆಸೆ.

ಅವರು ಫಾರಂನಲ್ಲಿ ‘ಬಸ್ಸಿನಲ್ಲಿಯೇ ಇದ್ದೆ’ ಎಂದು ಬರೆದರು. ಫಾರಂ ಕೆಂಪು ಶಾಯಿಯ ಷರಾದೊಂದಿಗೆ ವಾಪಸು ಬಂತು: ‘ಇಪ್ಪತ್ತು ನಿಮಿಷದ ದಾರಿಯಲ್ಲಿ ಎರಡು ಗಂಟೆ ಹಿಡಿಸುವುದಿಲ್ಲ.’

ಸೂಪರಿಂಟೆಂಡೆಂಟ್ ಕರೆಸಿದರು. “ಏನ್ರೀ ಇದು, ಇಷ್ಟು ವರ್ಷ ಸರ್ವಿಸ್ ಆಗಿದೆ, ಒಂದು ಫಾರಂ ತುಂಬೋಕೆ ಬರಲ್ವಾ?”

“ನಿಜವಾಗ್ಲೂ ಬಸ್ಸಲ್ಲೇ ಇದ್ದೆ ಸಾರ್.”

“ಇರಬಹುದು. ಅದಕ್ಕೆ ಫಾರಂನಲ್ಲಿ ಕಾಲಂ ಇಲ್ಲ. ಕ್ಷೌರದಂಗಡಿ ಅಂತ ಬರೀರಿ, ಎಲ್ಲರೂ ಅದನ್ನೇ ಬರೆಯೋದು.”

ಗುಮಾಸ್ತರು ತಲೆ ಸವರಿಕೊಂಡರು. ಆ ಹೇಳಿಕೆಗೆ ಅಲ್ಲಿ ಆಧಾರವೇನೂ ಉಳಿದಿರಲಿಲ್ಲ. ಸೂಪರಿಂಟೆಂಡೆಂಟ್ ಕೂಡ ನೋಡಿದರು. “ಸರಿ, ನೆಂಟರ ಮನೆ ಅಂತ ಬರೀರಿ. ಆದರೆ ನೆಂಟರ ಸಹಿ, ವಿಳಾಸ ಎರಡೂ ಬೇಕು.”

ಮರುದಿನ ಗುಮಾಸ್ತರು, ಹನ್ನೊಂದು ವರ್ಷದಿಂದ ಬಸ್ಸಿನಲ್ಲಿ ತಮ್ಮ ಪಕ್ಕ ಕೂರುತ್ತಿದ್ದ ದರ್ಜಿಯನ್ನು ಕೇಳಿದರು. “ತಪ್ಪು ತಿಳೀಬೇಡಿ, ಸ್ವಲ್ಪ ದಿನ ನನಗೆ ಸೋದರಮಾವ ಆಗ್ತೀರಾ?”

“ನಾನು ನಿಮಗಿಂತ ಹತ್ತು ವರ್ಷ ಚಿಕ್ಕವನಲ್ವಾ ಸಾರ್?”

“ಫಾರಂನಲ್ಲಿ ವಯಸ್ಸು ಕೇಳಿಲ್ಲ.”

“ಹಾಗಾದ್ರೆ ಸರಿ. ಎಲ್ಲಿ ಸಹಿ ಹಾಕ್ಲೋ ಅಳಿಯ?”

ವಿಳಾಸದ ಮುಂದೆ ದರ್ಜಿ ತನ್ನ ಮನೆಯದನ್ನು ಬರೆಯಹೋದಾಗ ಗುಮಾಸ್ತರು ಕೈ ಹಿಡಿದರು. ಕಾಲಿಡದ ಮನೆಯ ಹೆಸರು ಹೇಳಲು ಅವರಿಗೆ ಮನಸ್ಸಾಗಲಿಲ್ಲ. ದಿನಾ ಕೂತು ಸುಖದುಃಖ ಮಾತಾಡುವ ಜಾಗವನ್ನೇ ಬರೆದರು: ಬಸ್ ನಂಬರ್ ನಲವತ್ತೇಳು, ಎಡಗಡೆ, ನಾಲ್ಕನೇ ಸೀಟು.

ಹೆಂಡತಿ ಫಾರಂ ಓದಿ ಕೇಳಿದರು: “ಅಲ್ಲಾ, ನಮ್ಮತ್ತೆಗೆ ಅಣ್ಣತಮ್ಮಂದಿರೇ ಇರಲಿಲ್ವಲ್ರೀ?”

“ಈಗ ಒಬ್ಬರಿದ್ದಾರೆ. ಹೊಲಿಗೆ ಕೆಲಸ.”

“ಮೊದಲೇ ಹೇಳೋದಲ್ವಾ? ನನ್ನ ರವಿಕೆ ಬಟ್ಟೆ ಆರು ತಿಂಗಳಿಂದ ಹಾಗೇ ಬಿದ್ದಿದೆ.”

ವಾರದೊಳಗೆ ಸ್ಥಳ ಪರಿಶೀಲನೆಗೆ ಅಧಿಕಾರಿಯೊಬ್ಬರು ಅಳತೆ ಟೇಪು ಹಿಡಿದು ನಲವತ್ತೇಳನೇ ನಂಬರ್ ಬಸ್ ಹತ್ತಿದರು. ಬಸ್ಸು ಮಾರುಕಟ್ಟೆ ವೃತ್ತದ ಬಳಿ ಎಂದಿನಂತೆ ನಿಂತಿತು. “ಬನ್ನಿ, ಕೂತ್ಕೊಳ್ಳಿ. ಮನೆಗೆ ಬಂದೋರು ನಿಂತಿರಬಾರದು,” ಎಂದು ದರ್ಜಿ ಅರ್ಧ ಸೀಟು ಬಿಟ್ಟುಕೊಟ್ಟ. ಹಿಂದಿನ ಸೀಟಿನ ಅಜ್ಜಿ ಕಿತ್ತಳೆ ಸುಲಿದು ನಾಲ್ಕು ತೊಳೆ ಕೊಟ್ಟರು. ಗುಮಾಸ್ತರು ಟೇಪಿನ ಇನ್ನೊಂದು ತುದಿ ಹಿಡಿದುಕೊಂಡರು. ಅಧಿಕಾರಿ ಉದ್ದ ಅಳೆದರು, ಅಗಲ ಅಳೆದರು, ಕಿಟಕಿ ಎಣಿಸಿದರು. ಬಸ್ಸು ನಿಂತೇ ಇತ್ತು.

ಅವರ ವರದಿಯಲ್ಲಿ ಹೀಗಿತ್ತು: ‘ಸದರಿ ಮನೆಯಲ್ಲಿ ಅರವತ್ತೊಂದು ಮಂದಿ ಅನ್ಯೋನ್ಯವಾಗಿದ್ದಾರೆ. ಒಂದು ಗಂಟೆ ಹತ್ತು ನಿಮಿಷ ಖುದ್ದಾಗಿ ಗಮನಿಸಿದಾಗ್ಯೂ ಕಟ್ಟಡ ಒಂದಿಂಚೂ ಅಲುಗಲಿಲ್ಲ. ಆದ್ದರಿಂದ ಇದು ವಾಹನವೆಂಬ ಮಾತಿನಲ್ಲಿ ಹುರುಳಿಲ್ಲ. ತಳಪಾಯದ ಬದಲು ಗಾಲಿಗಳನ್ನು ಬಳಸಿರುವುದು ಕಂಡುಬಂದಿದ್ದು, ಅದನ್ನು ಮನ್ನಿಸಬಹುದು.’ ಅಧಿಕಾರಿ ಕಚೇರಿಗೆ ತಡವಾಗಿ ಮುಟ್ಟಿದ್ದರಿಂದ ತಮ್ಮ ಫಾರಂನಲ್ಲೂ ಅದೇ ವಿಳಾಸ ಬರೆದುಕೊಂಡರು.

ಗುಮಾಸ್ತರಿಗೆ ಬಡ್ತಿ ಸಿಕ್ಕಿತು. ನಗರಸಭೆ ಬಸ್ಸಿನ ಹಿಂಬದಿಗೆ ಬಾಗಿಲ ಸಂಖ್ಯೆ ಬರೆಸಿತು. “ಹಾಗಾದ್ರೆ ನಾನ್ಯಾರು?” ಎಂದು ಕೇಳಿದ ಡ್ರೈವರನ್ನು ಮನೆಯ ಯಜಮಾನನೆಂದು ನಮೂದಿಸಲಾಯಿತು. ಮನೆಗೆ ವೇಳಾಪಟ್ಟಿಯ ಅಗತ್ಯವಿಲ್ಲವಾದ್ದರಿಂದ ಅದನ್ನು ರದ್ದುಪಡಿಸಲಾಯಿತು.

ಮುಖ್ಯ ಗುಮಾಸ್ತರಾದ ಮೊದಲ ಸೋಮವಾರ ಅವರು ಕುರ್ಚಿಯ ಎರಡೂ ಕೈಗಳ ಮೇಲೆ ತಮ್ಮ ಕೈಗಳನ್ನಿಟ್ಟು ಕೂತಿದ್ದರು. ಹೊಸದಾಗಿ ಸೇರಿದ ಟೈಪಿಸ್ಟ್ ಹುಡುಗಿ ಏದುಸಿರು ಬಿಡುತ್ತಾ ಬಂದು ಫಾರಂ ಮುಂದಿಟ್ಟಳು.

“ಇಷ್ಟು ಹೊತ್ತು ಎಲ್ಲಿದ್ದೆಯಮ್ಮ?”

“ಬಸ್ಸಲ್ಲೇ ಇದ್ದೆ ಸಾರ್.”

ಅವರು ಪೆನ್ನಿನ ಮುಚ್ಚಳ ತೆಗೆಯಲಿಲ್ಲ. “ಸರಿಯಾಗಿ ನೆನಪು ಮಾಡ್ಕೊ.”

ಹುಡುಗಿ ಅವರ ಮುಖ ನೋಡಿದಳು, ಫಾರಂ ನೋಡಿದಳು. “ನಿಮ್ಮ ಸೋದರಮಾವನ ಮನೇಲಿದ್ದೆ ಸಾರ್.”

“ಹಾಗೆ ಬಾ ದಾರಿಗೆ,” ಎಂದು ಮುಖ್ಯ ಗುಮಾಸ್ತರು ಸಹಿ ಹಾಕಿದರು. “ಎಲ್ಲರೂ ಚೆನ್ನಾಗಿದ್ದಾರಾ?”