ದೊಡ್ಡ ಕಂಪ್ಯೂಟರಿನ್ಯಾಗ ಜಾಗ ಹಿಡಿದವರು

ಜಾಗ ಹಂಚೋ ಕುರ್ಚಿ ಮ್ಯಾಲೆ ಕುಂತಾಂವ ನಗಬಾರದು. ಇದು ನಾನು ಇಪ್ಪತ್ತು ವರ್ಷ ಪಾಲಿಸಿದ ನೇಮ. ಆದ್ರ ಜಾಗ ಕೇಳಾಕ ಬರೋರು ಸುಮ್ಮನ ಬಿಡಬೇಕಲ್ಲ! ಬಸ್ಸಿನ್ಯಾಗ ಆಗ್ಲಿ, ಮದುವಿ ಪಂಕ್ತ್ಯಾಗ ಆಗ್ಲಿ, ಜಾಗದ ಮಾತು ಬಂತಂದ್ರ ನಮ್ಮ ಕಡಿ ಒಂದಿಲ್ಲೊಂದು ನಡದ ನಡಿತೈತಿ.

ನಂದು ಬಳ್ಳಾರಿಯ ಒಂದು ಕಂಪ್ಯೂಟರ್ ಕೇಂದ್ರದಾಗಿನ ಕೆಲಸ. ಆಗ ಕಂಪ್ಯೂಟರ್ ಅಂದ್ರ ಕಿಸೇದಾಗ ಇಟ್ಕೊಂಡು ತಿರುಗೋದಲ್ಲ, ಒಂದು ಹಾಲ್ ತುಂಬ ನಿಂತಿರೋದು. ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಮೂರೂ ಊರಿನ ಕಚೇರಿಗಳಿಗೆ ಅದೊಂದೇ. ಬರೆದಿಡಾಕ ಅದರಾಗ ಎರಡು ತರದ ಜಾಗ. ಒಂದು ಡಿಸ್ಕು; ನೋಡಾಕ ಬಟ್ಟಿ ಒಗಿಯೋ ಮಷೀನ್ ಇದ್ದಂಗ ಇರ್ತಿತ್ತು, ಅದರೊಳಗಿನ ಜಾಗ ಖಾನಿ ಖಾನಿ ಮಾಡಿ ಹಂಚತಿದ್ವಿ. ಇನ್ನೊಂದು ಟೇಪು; ಊಟದ ತಟ್ಟಿಯಷ್ಟು ಅಗಲದ ಚಕ್ರಕ್ಕ ಸುತ್ತಿದ ಕಂದು ಪಟ್ಟಿ. ಯಾರಿಗೆ ಯಾವುದು ಬೇಕಾದ್ರೂ ನನ್ನ ಕೌಂಟರಿಗೆ ಬಂದು, ಫಾರಂ ತುಂಬಿ, ಸಹಿ ಹಾಕಿ ಮೀಸಲು ಮಾಡಿಸಬೇಕು. ನಾನು ಅದನ್ನ ರಿಜಿಸ್ಟರಿನ್ಯಾಗ ಏರಿಸಬೇಕು.

ಕೇಳಿದವರು ಇದನ್ನೆಲ್ಲ ತಮಾಷಿ ಅಂತಾರ. ನನಗೆ ಪೂರಾ ತಮಾಷಿ ಅನಸಂಗಿಲ್ಲ. ಈ ಜಾಗ ಹಿಡಿಯೋ ಗದ್ದಲದಾಗ ಕುರುಗೋಡಿನ ಒಬ್ಬ ಮೇಡಂದು ಆರು ವರ್ಷದ ದುಡಿಮಿ ಅಳಿಸಿ ಹೋಗೋದರಾಗ ಇತ್ತು.

೧. ಟವೆಲ್

ಸಿರುಗುಪ್ಪದಿಂದ ಕಾಲುವಿ ಕಚೇರಿ ಸಾಹೇಬ್ರು ಒಬ್ರು ಬರ್ತಿದ್ರು. ಯಾವ ದಿನ ಯಾರ ಭತ್ತದ ಗದ್ದಿಗೆ ನೀರು ಬಿಡಬೇಕು ಅನ್ನೋ ಸರದಿ ಪಟ್ಟಿ ಅವರ ಸುಪರ್ದಿ. ಅದನ್ನ ಕಂಪ್ಯೂಟರಿನ್ಯಾಗ ಇಡಬೇಕು ಅಂತ ಮೇಲಿನವರ ಹುಕುಂ ಆಗಿತ್ತು. ಮೊದಲನೇ ದಿನ ಬಂದವರು ಫಾರಂ ತುಂಬಿದ್ರು, ಸಹಿ ಹಾಕಿದ್ರು, ಸೀದಾ ಹಾಲ್ ಒಳಗ ಹೋಗಿ ಮೂರನೇ ಡಿಸ್ಕಿನ ಪೆಟ್ಟಿಗಿ ಮ್ಯಾಲೆ ಹೆಗಲ ಮ್ಯಾಗಿನ ಟವೆಲ್ ಹಾಸಿ ಬಂದ್ರು.

"ಸಾಹೇಬ್ರ, ಅದೇನ್ರಿ?" ಅಂದೆ.

"ಜಾಗ ಹಿಡದೀನಿ."

"ಫಾರಂ ಕೊಟ್ಟೀರಲ್ಲ, ಅಷ್ಟ ಸಾಕ್ರಿ."

"ಫಾರಂ ನಿಮಗ. ಟವೆಲ್ ಉಳಿದವರಿಗೆ," ಅಂದು ಬಸ್ಸಿಗೆ ಹೋದ್ರು.

ನಮ್ಮ ಮ್ಯಾನೇಜರ್ ಅದನ್ನ ನೋಡಿ ಕೆಂಡ ಆದ್ರು. ಅವರು ಗಡಿ ಆಚೆ ಕಡಿಯವರು, ಸಿಟ್ಟು ಬಂದ್ರ ತೆಲುಗು ಬರ್ತಿತ್ತು. "ಏಮಯ್ಯಾ, ಇದೇನು ಕಂಪ್ಯೂಟರ್ರೋ ಸಿರುಗುಪ್ಪ ಬಸ್ಸೋ?" ಅಂದ್ರು. ನಾನೂ ತಲಿ ತಗ್ಗಿಸಿದೆ. ಮರುದಿನ ಅದೇ ಡಿಸ್ಕಿನ್ಯಾಗ ಜಾಗ ಬೇಕು ಅಂತ ಊರಿನ ಇನ್ನೊಂದು ಕಚೇರಿಯ ಹಿರೇ ಗುಮಾಸ್ತರು ಬಂದ್ರು. ಅವರು ಹೆಂಥಾ ಜಗಳಗಂಟ ಅಂದ್ರ, ರಿಜಿಸ್ಟರ್ ತೋರಿಸಿದ್ರ ರಿಜಿಸ್ಟರ್ ತಪ್ಪು ಅಂತಿದ್ರು, ನಿಯಮ ತೋರಿಸಿದ್ರ ನಿಯಮ ಹಳೇದು ಅಂತಿದ್ರು. ಅವತ್ತು ಕಿಟಕಿ ಗಾಜಿನಾಗಿಂದ ಒಳಗ ಇಣಿಕಿದ್ರು, ಟವೆಲ್ ನೋಡಿದ್ರು, ಕೈಯಾಗಿನ ಫಾರಂ ಮಡಚಿ ಕಿಸೇಕ ಇಟ್ಕೊಂಡ್ರು.

"ಯಾಕ್ರಿ?" ಅಂದೆ.

"ಯಾರೋ ಹಾಕ್ಯಾರಲ್ರಿ ಪಾಪ," ಅಂದ್ರು. "ಎಲ್ಲೋ ಚಾ ಕುಡಿಯಾಕ ಹೋಗಿರಬೇಕು."

ಮ್ಯಾನೇಜರ್ ಸಂಜಿಗೆ ನನ್ನ ಕರದು, ಆ ಟವೆಲ್ ತಗೀಬ್ಯಾಡ ಅಂದ್ರು.

೨. ನಿಜ ಬರೆದ ಅರ್ಜಿ

ಕುರುಗೋಡು ಮೇಡಂ ಸರ್ವೆ ಕಚೇರಿಯವರು. ಸುತ್ತಲಿನ ಹಳ್ಳಿಗಳಾಗಿನ ಒಂದೊಂದು ಬಾವಿಗೂ ತಾವ ನಡಕೊಂತ ಹೋಗಿ, ಯಾವ ತಿಂಗಳು ನೀರು ಎಷ್ಟು ಆಳದಾಗ ಐತಿ ಅಂತ ಬರಕೊಂಡು ಬರ್ತಿದ್ರು. ಆರು ವರ್ಷ! ಬಿಸಲಾಗ ಹೋಗಿದ್ದು ಮುಖದ ಮ್ಯಾಲೆ ಕಾಣ್ತಿತ್ತು. ಎಲ್ಲಾ ಕಂಪ್ಯೂಟರಿಗೆ ಏರಿಸಿದ ಮ್ಯಾಲೆ ಅವರ ಕಚೇರ್ಯಾಗ ಒಬ್ಬ ಶಾಣ್ಯಾ, ಇನ್ನ ಈ ಕಾಗದ ಯಾತಕ್ಕ ಅಂತ ಬರೆದಿದ್ದ ನೋಟ್‌ಬುಕ್ ಎಲ್ಲಾ ಗುಜರಿಗೆ ಹಾಕಿಬಿಟ್ಟ. ಹಂಗಾಗಿ ಆ ಬಾವಿಗಳ ಲೆಕ್ಕ ಇದ್ದಿದ್ದು ಭೂಮಿ ಮ್ಯಾಲೆ ಒಂದೇ ಕಡಿ, ನಮ್ಮ ಡಿಸ್ಕಿನ್ಯಾಗ.

ಡಿಸ್ಕಿನ ಜಾಗಕ್ಕ ಅರ್ಜಿ ಹಾಕೋದು ಒಂದು ವಿದ್ಯೆ. ನಮ್ಮ ಮ್ಯಾನೇಜರ್ ಯಾರು ಎಷ್ಟ ಕೇಳಲಿ, ಅರ್ಧ ಕಡದು ಮಂಜೂರು ಮಾಡ್ತಿದ್ರು. ಅದು ಎಲ್ಲಾರಿಗೂ ಗೊತ್ತು. ಅದಕ್ಕ ನೂರು ಖಾನಿ ಬೇಕಾದೋರು ಇನ್ನೂರು ಬರೀತಿದ್ರು. ಸಿರುಗುಪ್ಪ ಸಾಹೇಬ್ರು ನಾನೂರು ಬರೀತಿದ್ರು. ಬಾವಿ ಲೆಕ್ಕ ಏರಿಸೋಕಿಂತ ಮೊದಲ ಮೇಡಂ ಬಂದು ನೂರಾ ಹನ್ನೊಂದು ಅಂತ ಬರದಿದ್ರು. ಮ್ಯಾನೇಜರ್ ಅರ್ಜಿ ತಿರುವಿ ಹಿಂದಿನ ಪುಟಾನೂ ನೋಡಿದ್ರು.

"ನೂರಾ ಹನ್ನೊಂದು! ಇಂಥಾ ಸಂಖ್ಯೆ ಯಾರಾದ್ರೂ ಬರೀತಾರೇನಯ್ಯಾ?"

"ಅವರಿಗೆ ಬೇಕಾದ್ದು ಅಷ್ಟ ಅಂತ್ರಿ ಸರ್," ಅಂದೆ.

"ಅಷ್ಟ ಬೇಕಾದಾಗ ಅಷ್ಟ ಕೇಳೋ ಮಂದಿ ನಾನು ಕಂಡಿಲ್ಲ. ಇದರಾಗ ಏನೋ ಐತಿ," ಅಂದು, ಅರ್ಧ ಅಲ್ಲ, ಮುಕ್ಕಾಲು ಕಡದುಬಿಟ್ರು.

ನಾನು ಮೇಡಂಗ ಹೇಳಿದೆ, "ನೀವು ಐನೂರು ಕೇಳಬೇಕಿತ್ರಿ."

"ಇದ್ದ ಬಾವಿ ಇದ್ದಷ್ಟ ಅದಾವ್ರಿ. ಇಲ್ಲದ ಬಾವಿ ನಾ ಎಲ್ಲಿ ತೋಡ್ಲಿ?" ಅಂದ್ರು ಆಕಿ.

ಕೊಟ್ಟ ಜಾಗದಾಗ ಬಾವಿಗಳು ಹಿಡೀಲಿಲ್ಲ. ಅದಕ್ಕ ಎಲ್ಲಾ ಡಿಸ್ಕಿನ ತಾತ್ಕಾಲಿಕ ಜಾಗದಾಗ ಇಟ್ವಿ. ಅದು ಧರ್ಮಶಾಲಿ ಇದ್ದಂಗ. ಪ್ರತಿ ಶನಿವಾರ ಸಂಜಿ ಐದಕ್ಕ ನಾನು ಅದನ್ನ ಪೂರಾ ಅಳಿಸಿ ತೊಳದು ಬಿಡಬೇಕು. ಉಳಿಸ್ಕೊಳ್ಳೋರು ಅಷ್ಟರಾಗ ಖುದ್ದು ಬಂದು ಸಹಿ ಹಾಕಬೇಕು. ಹಿಂಗಾಗಿ ಮೇಡಂ ವಾರಾ ವಾರಾ ಕುರುಗೋಡಿನಿಂದ ಬಸ್ ಹತ್ತಿ ಬಂದು, ಒಂದು ಸಹಿ ಹಾಕಿ, ಮತ್ತ ಬಸ್ ಹತ್ತಿ ಹೋಗ್ತಿದ್ರು. ಮಗಳ ಮದುವಿ ಶನಿವಾರ ಬಿತ್ತು, ಅವತ್ತೂ ಬಂದಿದ್ರು. ಅಕ್ಕಿಕಾಳು ಇನ್ನೂ ತಲ್ಯಾಗ ಇದ್ವು.

ಅವತ್ತು ಮ್ಯಾನೇಜರ್ ಆಕಿ ಹೋದ ಮ್ಯಾಲೆ ನನಗ ಅಂದ್ರು, "ನೋಡಯ್ಯಾ, ಅಕಸ್ಮಾತ್ ನಿಜಾನ ನೂರಾ ಹನ್ನೊಂದೇ ಬೇಕಾಗಿತ್ತೇನೋ."

೩. ಒಂದು ಗೇಣು ಜಾಸ್ತಿ

ಟೇಪಿಗೆ ಬರದಿಟ್ರ ಶನಿವಾರದ ಭಯ ಇಲ್ಲ. ಮೇಡಂಗ ಬೇಕಾದ್ದು ಒಂದು ಟೇಪು, ಒಂದ ಒಂದು. ಆದ್ರ ಇದ್ದ ಟೇಪುಗಳಾಗ ಹನ್ನೊಂದು ಸಿರುಗುಪ್ಪ ಸಾಹೇಬ್ರು ಮೀಸಲು ಮಾಡಿಸಿ, ತಮ್ಮ ಕಚೇರಿ ಅಲಮಾರ ತಂದು ನಮ್ಮಲ್ಲಿ ಇಡಿಸಿ, ಕೀಲಿ ಹಾಕಿದ್ರು. ಉಳಿದವು ಉಳಿದವರ ಕೈಯಾಗ. ಕಡೀಗೆ ಖಾಲಿ ಇದ್ದದ್ದು ಒಂದು. ಅದನ್ನ ಮೇಡಂನೂ ಕೇಳಿದ್ರು, ನಮ್ಮ ಮ್ಯಾನೇಜರೂ ಕೇಳಿದ್ರು. ಇಬ್ಬರ ಫಾರಂ ಒಂದೇ ದಿನ ಬಂದ್ವು.

ಟೇಪ್ ಖೋಲಿ ನೋಡ್ಕೊಳ್ಳಾಂವ ಬ್ರೂಸ್‌ಪೇಟೆ ಬಟ್ಟಿ ಅಂಗಡಿ ಮನೆತನದಾಂವ, ನೌಕರಿಗೆ ಹೊಸಬ. ನಾನು ಅವತ್ತು ಸತ್ಯನಾರಾಯಣಪೇಟ್ಯಾಗ ನೆಂಟರ ಮನ್ಯಾಗ ಹೆಸರಿಡೋ ಕಾರ್ಯ ಅಂತ ಅರ್ಧ ದಿನ ರಜಾ ಹಾಕಿದ್ದೆ. ಹೋಗುವಾಗ ಹೇಳಿದೆ, "ಇಬ್ರೂ ಕೇಳ್ಯಾರ. ನ್ಯಾಯ ಆಗೂವಂಗ ನೋಡ್ರಿ."

ಮಧ್ಯಾಹ್ನ ಬಂದು ನೋಡ್ತೀನಿ, ವರಾಂಡದ ಈ ತುದಿಯಿಂದ ಆ ತುದಿತನಕ ಕಂದು ಪಟ್ಟಿ ರಾಶಿ ಬಿದ್ದೈತಿ. ಆತ ನಡುವ ಕುಂತು ಮೊಣಕೈಯಿಂದ ಬೆರಳ ತುದಿತನಕ ಹಿಡದು ಹಿಡದು ಎಣಸಾಕ ಹತ್ಯಾನ. ಪಕ್ಕದಾಗ ಕತ್ತರಿ.

"ಏನ್ ಮಾಡೀರಿ?"

"ನೀವ ಹೇಳಿದ್ರಲ್ಲ. ಥಾನ್ ಬಿಚ್ಚಿ ಸರಿ ಅರ್ಧ ಮಾಡೀನಿ."

"ಮಾರಾಯ್ರ! ಅದು ಧೋತರ ಅಲ್ರಿ! ಹೀಂಗ ಕಡದು ಕೈ ಹಚ್ಚಿದ್ರ ಅದು ಇನ್ನ ಯಾರ ಕೆಲಸಕ್ಕೂ ಬರಂಗಿಲ್ಲ!"

ಆತ ಆಕಡಿ ಈಕಡಿ ನೋಡಿ, ಮ್ಯಾನೇಜರ್ ಇಲ್ಲ ಅಂತ ಖಾತ್ರಿ ಮಾಡ್ಕೊಂಡು, ಕಿವ್ಯಾಗ ಅಂದ, "ಮೇಡಂ ದೂರದಿಂದ ಬರ್ತಾರಂತ ಅವರಿಗೆ ಒಂದು ಗೇಣು ಜಾಸ್ತಿ ಬಿಟ್ಟೀನ್ರಿ."

೪. ಶನಿವಾರ

ಹೊಸಾ ಟೇಪು ಬರೋದು ಮುಂದಿನ ವರ್ಷ ಅಂತ ಉತ್ತರ ಬಂತು. ಮೇಡಂ ಮತ್ತ ವಾರಾ ವಾರಾ ಬಂದ್ರು.

ಒಂದು ಶನಿವಾರ ನಾಕು ಹೊಡೀತು, ಆಕಿ ಬರಲಿಲ್ಲ. ನಾಕೂವರಿಗೆ ಫೋನ್ ಬಂತು. ದಾರ್ಯಾಗ ಯಾವುದೋ ಅಂಗಡಿಯಿಂದ ಮಾತಾಡಾಕ ಹತ್ತಿದ್ರು.

"ಬಸ್ ಕೆಟ್ಟು ನಿಂತೈತ್ರಿ. ಹೆಂಗಾರ ಮಾಡಿ ಬರ್ತೀನಿ. ಒಂದು ತಾಸು ತಡೀರಿ."

ನಾನು ಮ್ಯಾನೇಜರ್ ಹತ್ರ ಹೋದೆ. "ಫೋನಿನ್ಯಾಗ ಸಹಿ ಬರಂಗಿಲ್ಲಯ್ಯಾ. ರೂಲ್ ಅಂಟೇ ರೂಲ್," ಅಂದ್ರು ಅವರು. ಮುಖ ಮಾತ್ರ ಸಣ್ಣದಾಗಿತ್ತು. ಹಂಗ ನೋಡಿದ್ರ ಆ ರೂಲು ರಿಜಿಸ್ಟರಿನ್ಯಾಗ ಬರದಾಂವ ನಾನ. ನನ್ನ ಕೈಲೆ ಬರದ ಮಾತು ನನ್ನ ಕುತ್ತಿಗಿಗೆ ಬಂದಿತ್ತು. ಐದಕ್ಕ ಅಳಿಸೋ ಕೀಲಿ ಒತ್ತಬೇಕಾದಾಂವನೂ ನಾನ. ಆರು ವರ್ಷದ ಬಾವಿ, ಆಕಿ ಸುಟ್ಟ ಮುಖ, ಎಲ್ಲಾ ಕಣ್ಣ ಮುಂದ ಬಂತು.

ಕೌಂಟರ್ ಮುಂದ ಸಿರುಗುಪ್ಪ ಸಾಹೇಬ್ರು ಚಾ ಕುಡಕೊಂತ ಕುಂತಿದ್ರು. ತಮ್ಮ ಮೀಸಲು ಮುಂದುವರಿಸಾಕ ಬಂದಿದ್ರು.

"ಸಾಹೇಬ್ರ, ಒಂದು ಟೇಪ್ ಕೊಡ್ರಿ," ಅಂದೆ.

"ಅವೆಲ್ಲಾ ಕಾಲುವೀವು. ತುಂಬ್ಯಾವ."

"ಹನ್ನೊಂದೂ?"

"ಹನ್ನೊಂದೂ."

"ಒಂದರಾಗ ಚೂರು ಜಾಗ ಇದ್ರೂ ಸಾಕ್ರಿ. ಒಬ್ಬಾಕಿ ದುಡಿಮಿ ಹೋಗ್ತೈತಿ."

"ನಾಳೆ ನನಗೆ ಬೇಕಾದ್ರ?" ಅಂದು ಅವರು ಕಿಸೇ ಮ್ಯಾಲೆ ಕೈ ಇಟ್ಕೊಂಡ್ರು. ಅಲ್ಲೇ ಅಲಮಾರದ ಕೀಲಿ ಇತ್ತು.

ಗಡಿಯಾರದಾಗ ಐದಕ್ಕ ಇಪ್ಪತ್ತು ನಿಮಿಷ ಇತ್ತು. ನನಗೇನಾತೋ ಗೊತ್ತಿಲ್ಲ. ಕೌಂಟರಿಗೆ ಬಂದವರಿಗೆಲ್ಲ 'ರೀ' ಅಂದ ಬಾಯಿ ಇದು. "ಕೊಡಲೇ ಕೀಲಿ!" ಅಂತ ಚೀರಿಬಿಟ್ಟೆ. ಸಾಹೇಬ್ರ ಕೈಯಾಗಿನ ಬಸಿಯಿಂದ ಚಾ ಚೆಲ್ತು. ಅವರು ಕೀಲಿ ತಗದು ಕೌಂಟರ್ ಮ್ಯಾಲೆ ಇಟ್ರು.

ಅಲಮಾರ ತಗದೆ. ಹನ್ನೊಂದು ಟೇಪು ಸಾಲಾಗಿ ನಿಂತಿದ್ವು, ಒಂದೊಂದಕ್ಕೂ ಕುಂಕುಮ ಹಚ್ಚಿತ್ತು. ಒಂದನ್ನ ಕೈಯಾಗ ತಗೊಂಡೆ. ಕಾರ್ಖಾನಿಯಿಂದ ಬಂದ ಪ್ಲಾಸ್ಟಿಕ್ ಚೀಲ ಇನ್ನೂ ಒಡದಿರಲಿಲ್ಲ. ಎರಡನೇದೂ ಹಂಗ. ಹನ್ನೊಂದೂ ಹಂಗ. ನಾಕು ವರ್ಷದಿಂದ!

"ಸಾಹೇಬ್ರ, ಇವೆಲ್ಲಾ ಖಾಲಿ ಅದಾವಲ್ರಿ!"

"ಖಾಲಿ ಅಂತ ಯಾರಂದ್ರು?" ಅಂದ್ರು ಅವರು ಗಂಭೀರವಾಗಿ. "ಮೀಸಲು ಅದಾವ."

"ಮತ್ತ ಕಾಲುವಿ ಸರದಿ ಪಟ್ಟಿ ಎಲ್ಲೈತ್ರಿ?"

ಅವರು ಎದಿ ಕಿಸೇದಾಗಿಂದ ಒಂದು ಸಣ್ಣ ಡೈರಿ ತಗದು ತೋರಿಸಿದ್ರು. "ಇದನ್ನ ಆ ಮಷೀನಿಗೆ ಕೊಟ್ಟು, ಅದು ಕೆಟ್ರ ಮಂದಿ ನನ್ನ ಕಾಲುವಿಗೆ ನೂಕ್ತಾರ."

ಅವರ ಸಂಗಾಟ ವಾದಕ್ಕ ನನಗೆ ಹೊತ್ತಿರಲಿಲ್ಲ. ಚೀಲ ಹರದು ಟೇಪ್ ಏರಿಸಿ, ಬಾವಿಗಳನ್ನೆಲ್ಲ ಅದಕ್ಕ ಬರಸಾಕ ಹಚ್ಚಿದೆ. ಐದಕ್ಕ ಎರಡು ನಿಮಿಷ ಇರುವಾಗ ಮುಗೀತು. ಐದಕ್ಕ ಸರಿಯಾಗಿ ತಾತ್ಕಾಲಿಕ ಜಾಗ ಅಳಿಸಿದೆ. ರೂಲ್ ಅಂದ್ರ ರೂಲು.

ಐದೂಕಾಲಿಗೆ ಮೇಡಂ ಬಂದ್ರು. ಯಾವುದೋ ಭತ್ತದ ಟ್ರ್ಯಾಕ್ಟರ್ ಹತ್ತಿ ಬಂದಿದ್ರು. ಸೀರಿ ತುಂಬ ಧೂಳು, ಬಗಲಾಗ ಬಾವಿ ಆಳ ಅಳತಿ ಮಾಡೋ ಗಂಟು ಗಂಟಿನ ಹಗ್ಗ. ಗಡಿಯಾರ ನೋಡಿದವರು ಅಲ್ಲೇ ಮೆಟ್ಟಿಲ ಮ್ಯಾಲೆ ಕುಂತುಬಿಟ್ರು.

"ಅಳಿಸಿದ್ರೇನ್ರಿ?"

"ಅಳಿಸೀನ್ರಿ. ಆದ್ರ ಬಾವಿ ಎಲ್ಲಾ ಟೇಪಿನ್ಯಾಗ ಅದಾವ. ಒಂದೂ ಹೋಗಿಲ್ಲ."

ಆಕಿ ಸೆರಗು ಮುಖಕ್ಕ ಒತ್ತಿ ಅತ್ತುಬಿಟ್ರು. ನನ್ನ ಕಣ್ಣಾಗೂ ನೀರು ಬಂತು. ಸುಳ್ಳ್ಯಾಕ ಹೇಳ್ಲಿ, ಮ್ಯಾನೇಜರ್ ಕಣ್ಣಾಗೂ ಬಂತು. ಸಿರುಗುಪ್ಪ ಸಾಹೇಬ್ರು ಮಾತ್ರ ಕೆಮ್ಮಿ ಗಂಟಲು ಸರಿ ಮಾಡ್ಕೊಂಡ್ರು.

"ಟೇಪ್ ನಂದು, ಅದು ನೆನಪಿರಲಿ. ಅಲ್ಲದ ಆ ಬಾವ್ಯಾಗಿನ ನೀರು ನಮ್ಮ ಕಾಲುವಿಯಿಂದ ಬಸದದ್ದು. ಅದು ನನ್ನ ಹೆಸರಿನ ಮ್ಯಾಲೆ ಇರೋದ ನ್ಯಾಯ."

ಮೇಡಂ ಕಣ್ಣು ಒರಸ್ಕೊಂಡು ಎದ್ರು. ಹಗ್ಗ ತಗದು ಸಾಹೇಬ್ರ ತೊಡಿ ಮ್ಯಾಲೆ ಇಟ್ರು.

"ಆಗ್ಲಿ ಸಾಹೇಬ್ರ. ಟೇಪೂ ನಿಮ್ಮದು, ನೀರೂ ನಿಮ್ಮದು. ಸೋಮವಾರದಿಂದ ಅಳತೀನೂ ನೀವ ತಗೀರಿ. ಬಿಸಲು ಏರೋದರಾಗ ಮೊದಲ ಹಳ್ಳಿ ಮುಗಸಬೇಕು. ಎರಡು ಬಾವಿಗೆ ಮೆಟ್ಟಿಲಿಲ್ಲ, ಹುಷಾರು."

ಸಾಹೇಬ್ರು ಹಗ್ಗ ನೋಡಿದ್ರು. ಆಕಿ ಮುಖ ನೋಡಿದ್ರು. ಆಮ್ಯಾಲೆ ನನ್ನ ಕಡಿ ತಿರುಗಿ, "ಒಂದು ಫಾರಂ ಕೊಡಪ್ಪಾ," ಅಂದ್ರು.

"ಯಾತಕ್ಕ್ರಿ?"

"ಟೇಪ್ ಬಿಟ್ಟುಕೊಡಾಕ."

ನಾನು ಎಲ್ಲಾ ಕಪಾಟು ಹುಡುಕಿದೆ. ಜಾಗ ಕೇಳೋದಕ್ಕ ಫಾರಂ ಇತ್ತು, ಹೆಚ್ಚಿಗಿ ಕೇಳೋದಕ್ಕಿತ್ತು, ಮುಂದುವರಿಸೋದಕ್ಕಿತ್ತು. ಬಿಟ್ಟುಕೊಡೋದಕ್ಕ ಫಾರಂ ನಮ್ಮ ಕೇಂದ್ರದಾಗ ಅಚ್ಚ ಹಾಕಿಸಿರಲಿಲ್ಲ. ಕಡೀಗೆ ಬಿಳೀ ಹಾಳಿ ಮ್ಯಾಲೆ ಸ್ಕೇಲ್ ಹಿಡದು ಗೆರಿ ಹೊಡದು, ಮ್ಯಾಲೆ ನಂಬರ್ ಒಂದು ಅಂತ ಹಾಕಿ ಕೊಟ್ಟೆ. ಸಾಹೇಬ್ರು ಸಹಿ ಹಾಕಿದ್ರು. ಮುಂದ ಬೇಕಾದೀತು ಅಂತ ಅವತ್ತೇ ಅಂಥವು ನೂರು ಮಾಡಿಟ್ಟೆ. ನಾನು ನಿವೃತ್ತಿ ಆದ ದಿನ ಕಪಾಟು ಒಪ್ಪಿಸುವಾಗ ಎಣಿಸಿದೆ, ನೂರೂ ಇದ್ವು.