ನನ್ನ ಬದಲು ನಡೆದ ಫೋನು

ದೇವರು ನನಗೆ ಎರಡು ಕಾಲು ಕೊಟ್ಟಿದ್ದಾನೆ; ಅವನ್ನು ಸವೆಸಬಾರದೆಂಬ ಕಾಳಜಿ ನನಗೆ ಹುಟ್ಟಿನಿಂದಲೇ ಇದೆ. ಕೂತಲ್ಲೇ ಮಾಡುವ ಕೆಲಸ ಬೇಕೆಂದೇ ಸಂಡೂರಿನ ಗಣಿಯೊಂದರಲ್ಲಿ ಲಾರಿ ತೂಗುವ ಗುಮಾಸ್ತನಾದೆ. ಅದಿರಿನ ಲಾರಿಗಳಿಗೆ ‘ಓವರ್‌ಲೋಡ್’ ಎಂದು ದಬಾಯಿಸುತ್ತಿದ್ದವನಿಗೆ ಹೊಸಪೇಟೆಯ ನಮ್ಮ ಡಾಕ್ಟರು ಒಂದು ದಿನ ಅದನ್ನೇ ಹೇಳಿಬಿಟ್ಟರು. “ದಿನಾ ನಡೀರಿ. ಇಲ್ಲಂದ್ರ ಮಿರ್ಚಿ ಬಂದ್ ಮಾಡ್ರಿ.”

ಮಿರ್ಚಿ ಬಂದ್! ಸಂಜೆಯ ಒಗ್ಗರಣೆ ಮಂಡಕ್ಕಿಯ ಪಕ್ಕದಲ್ಲಿ ಬಿಸಿ ಮಿರ್ಚಿ ಬಜ್ಜಿ ಇಲ್ಲದಿದ್ದರೆ ಅದೂ ಒಂದು ಬದುಕೇ? ಆಗ ಗಣಿಯ ದುಡ್ಡು ಊರೆಲ್ಲ ಓಡಾಡುತ್ತಿದ್ದ ಕಾಲ. ನಾನೂ ಜಂಬಕ್ಕೊಂದು ದುಬಾರಿ ಫೋನು ಕೊಂಡಿದ್ದೆ. ಮೊಬೈಲ್ ಅಂಗಡಿಯವನು ಅದರೊಳಗೆ ಹೆಜ್ಜೆ ಎಣಿಸುವ ಅಪ್ಲಿಕೇಶನ್ ಒಂದನ್ನು ತುಂಬಿಕೊಟ್ಟ. ಈಗಿನವರು ಆ್ಯಪ್ ಅನ್ನುತ್ತಾರೆ. ಸಾಕಷ್ಟು ನಡೆದರೆ ಪರದೆಯ ಮೇಲೆ ‘ವೆರಿ ಗುಡ್’ ಎಂದು ಬರುತ್ತದೆ. ಹೆಂಡತಿ ಶಾಂತಾ ಕರಾರು ಹಾಕಿದಳು: “ಅದು ವೆರಿ ಗುಡ್ ಅಂದ್ರ ಮಿರ್ಚಿ, ಇಲ್ಲಂದ್ರ ಸೌತೆಕಾಯಿ.”

ಮರುದಿನ ಹೊಸಪೇಟೆಯ ಮನೆಯಿಂದ ಕೆಲಸಕ್ಕೆ ಹೊರಟು, ಸಂಡೂರಿನಲ್ಲಿ ಬಸ್ಸಿಳಿದು ನೋಡುತ್ತೇನೆ, ವೆರಿ ಗುಡ್! ಲಾರಿಗಳು ಹದಗೆಡಿಸಿದ ಆ ರಸ್ತೆಯ ಗುಂಡಿಗೊಂದು ಹೆಜ್ಜೆಯಂತೆ ಫೋನು ಲೆಕ್ಕ ಹಾಕಿತ್ತು. ಊರೆಲ್ಲ ಆ ರಸ್ತೆಗೆ ಶಾಪ ಹಾಕುತ್ತಿದ್ದಾಗ ನಾನೊಬ್ಬನೇ ಕೈಮುಗಿದೆ. ಈ ಫೋನಿನಂಥ ಆರೋಗ್ಯ ಸಾಧನ ಇನ್ನೊಂದಿಲ್ಲವೆಂದು ಆಫೀಸಿನಲ್ಲಿ ಸಿಕ್ಕವರೆದುರೆಲ್ಲ ಹೊಗಳಿದೆ. ಮನೆಯಲ್ಲಿ ಮಿರ್ಚಿ ಸಾಂಗವಾಗಿ ನಡೆಯಿತು. ಪ್ಯಾಂಟು ಮಾತ್ರ ಸೊಂಟದ ಹತ್ತಿರ ಒಪ್ಪಲಿಲ್ಲ.

ಶಾಂತಾಳಿಗೆ ಅನುಮಾನ ಬಂತು. ಭಾನುವಾರ ನನ್ನ ಫೋನನ್ನು ರಬ್ಬರ್‌ಬ್ಯಾಂಡ್ ಹಾಕಿ ಮಿಕ್ಸಿಗೆ ಕಟ್ಟಿ, ಚಟ್ನಿ ರುಬ್ಬಿದಳು. ಫೋನು ವೆರಿ ಗುಡ್ ಅಂದಿತು.

“ಬರ್ರಿ ಇಲ್ಲಿ! ಶೇಂಗಾ ಚಟ್ನಿ ಸಂಡೂರಿಗೆ ಹೋಗಿ ಬಂತು ನೋಡ್ರಿ!”

ಸಿಕ್ಕಿಬಿದ್ದೆ. ಆದರೂ ಮಿರ್ಚಿಯ ಪ್ರಶ್ನೆ, ಸುಮ್ಮನಿರಲಾದೀತೇ? “ಲೇ, ಖರೇನ ನಡದ್ರೂ ಎಣಸ್ತೈತಿ. ಭಾಳ ಚೊಲೊ ಐತಿ ಇದು,” ಎಂದೆ.

“ಹಂಗಾರ ನಡದು ತೋರಸ್ರಿ.” ಬಿಸಿ ಮಿರ್ಚಿಯ ತಟ್ಟೆ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತಳು.

ಫೋನು ಜೇಬಿಗಿಟ್ಟು, ನನ್ನದೇ ಕಾಲಲ್ಲಿ ಒಂದೊಂದೇ ಹೆಜ್ಜೆ ಎಳೆಯುತ್ತ ಕಾಲುವೆ ದಂಡೆಯ ತನಕ ಹೋಗಿ ಬಂದೆ. ಬೆವರು ಸುರಿಯುತ್ತಿತ್ತು, ಜೀವ ಬಾಯಿಗೆ ಬಂದಿತ್ತು. ಶಾಂತಾ ಪರದೆ ನೋಡಿದಳು. ಸೊನ್ನೆ.

“ಫೋನು ಚೊಲೊ ಐತ್ರಿ, ಅದರದೇನು ತಪ್ಪಿಲ್ಲ,” ಎಂದು ನನ್ನ ಪಾಲಿನ ಮಿರ್ಚಿಯನ್ನು ಕಚ್ಚಿದಳು. “ನೀವು ನಡಿಯೋದು ಅದಕ್ಕ ನಿಂತಂಗ ಕಂಡೈತಿ.”